ನೀಲಗಿರಿ ಎಣ್ಣೆಯ ಘಾಟು

ಮನೆ, ಭಾನುವಾರ
ಆಗಸ್ಟ್ ೧೧

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ವಾಂತಿ ನಿಂತಿತೇ, ಕಾಲಿನ ಊತ ಇಳಿಯಿತೇ? ಅಳಿಯಂದಿರು ಅಡುಗೆ ಕಲಿಯುತ್ತಿದ್ದಾರೆಂದು ಬರೆದಿದ್ದೆ. ತಿನ್ನಬೇಕಾದವಳು ನೀನು, ದೇವರು ಕಾಪಾಡಲಿ. ಇಲ್ಲಿ ಎಲ್ಲರೂ ಕ್ಷೇಮ. ನಾಲ್ಕು ದಿನದ ಹಿಂದಾಗಿದ್ದರೆ ಈ ಮಾತು ಬರೆಯಲು ಕೈ ಏಳುತ್ತಿರಲಿಲ್ಲ.

ನೀನು ಕಳಿಸಿದ ಸುಗಂಧ ತೈಲದ ಪುಟ್ಟ ಬಾಟಲಿಗಳನ್ನು ನಿನ್ನಮ್ಮ ಕನ್ನಡಿಯ ಮುಂದೆ ಜೋಡಿಸಿಕೊಂಡಿದ್ದಳು. ಸಂಜೆಯಾದರೆ ಹಬೆ ಬಿಡುವ ಯಂತ್ರಕ್ಕೆ ಒಂದಲ್ಲ ಒಂದು ಎಣ್ಣೆ. ಎರಡು ಹನಿ ಸಾಕು ಎಂದು ನೀನು ಹೇಳಿದ್ದರೂ ಅವಳದು ಧಾರಾಳದ ಕೈ. ಕಣ್ಣುರಿ ಎಂದರೆ, "ನಿಮ್ಗೆ ಎಲ್ಲದಕ್ಕೂ ತಕರಾರು" ಎನ್ನುತ್ತಿದ್ದಳು. ನಾನು ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಳ್ಳುತ್ತಿದ್ದೆ.

ಸೋಮವಾರ ನಿನ್ನ ಅಣ್ಣನ ಪುಟಾಣಿಗೆ ಮೂಗು ಕಟ್ಟಿತ್ತು. ಅತ್ತಿಗೆ ಪಾಠ ಹೇಳಲು ಶಾಲೆಗೆ ಹೋಗಿದ್ದಳು. ನಿನ್ನಮ್ಮ ನೀಲಗಿರಿ ಎಣ್ಣೆಯನ್ನು ಯಾವುದಕ್ಕೂ ಬೆರೆಸದೆ ಮಗುವಿನ ಎದೆಗೂ ಮೂಗಿನ ಕೆಳಗೂ ಸವರಿದಳು. ಮಗು ಕೆಮ್ಮಲು ಶುರು ಮಾಡಿದ್ದು ನಿಲ್ಲಲೇ ಇಲ್ಲ. ಉಸಿರು ಸಿಕ್ಕಿಕೊಂಡು ತುಟಿ ಕಪ್ಪಿಟ್ಟಿತು. ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ, ನಿನ್ನಮ್ಮನೂ ಹಿಂದೆಯೇ ಓಡಿಬಂದಳು. ಚಪ್ಪಲಿ ಹಾಕಿಕೊಂಡಿರಲಿಲ್ಲ ಎಂದು ಗೊತ್ತಾದದ್ದು ವಾಪಸ್ ಹೊರಟಾಗ. ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಮಗು ನನ್ನ ಕನ್ನಡಕ ಕಿತ್ತುಕೊಳ್ಳುವಷ್ಟು ಗೆಲುವಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ಪುಟ್ಟ ಮಕ್ಕಳ ಮುಖದ ಹತ್ತಿರಕ್ಕೆ ಇದನ್ನು ತರಲೇಬಾರದು, ದೊಡ್ಡವರೂ ಸಾದಾ ಎಣ್ಣೆಗೆ ಬೆರೆಸದೆ ಹಚ್ಚಿಕೊಳ್ಳಬಾರದು, ಬಾಯಿಗಂತೂ ಕೂಡದು, ಹಬೆ ಹಾಕಿದರೆ ಕಿಟಕಿ ತೆರೆದಿರಲಿ, ಬಾಟಲಿಗಳು ಬೀಗದೊಳಗಿರಲಿ ಎಂದು ಹೇಳಿದರು. ಆಮೇಲೆ ನಿನ್ನಮ್ಮನನ್ನು, "ನಿಮ್ಮ ಕೈಯಿಂದಲೇ ಇಷ್ಟು ಘಾಟು ಬರ್ತಿದೆ, ನಿಮ್ಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದರು.

"ಯಾವ ಘಾಟು?" ಎಂದಳು ನಿನ್ನಮ್ಮ.

ಹೋದ ವರ್ಷ ಜ್ವರ ಬಂದಿತ್ತಲ್ಲ, ಅಂದಿನಿಂದ ಅವಳಿಗೆ ವಾಸನೆಯೇ ತಿಳಿಯುತ್ತಿಲ್ಲವಂತೆ. ನೀನು ಕಳಿಸಿದ್ದು ಘಮಘಮ ಅನ್ನುತ್ತಿದೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆಲ್ಲ ನಿನ್ನ ಖುಷಿಗೆ. ಯಾಕೆ ಮುಚ್ಚಿಟ್ಟೆ ಎಂದರೆ, "ಹೇಳಿದ್ರೆ ಒಲೆ ಹತ್ರ ಬಿಡ್ತಿದ್ರಾ ನನ್ನ?" ಎಂದು ಕೇಳಿದಳು.

ಅತ್ತಿಗೆ ರಜೆ ಹಾಕಿ, ಮಗುವನ್ನು ಸೊಂಟದಿಂದ ಇಳಿಸದೆ ಓಡಾಡಿದಳು. ನಿನ್ನಮ್ಮ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು, ಊಟಕ್ಕೂ ಕರೆಯಬೇಕು. ಗುರುವಾರ ಅತ್ತಿಗೆಯೇ ಬಂದು ಮಗುವನ್ನು ಅವಳ ಮಡಿಲಿಗೆ ಹಾಕಿದಳು. "ಅತ್ತೆ, ನಾನು ನಾಳೆಯಿಂದ ಕೆಲಸಕ್ಕೆ ಹೋಗ್ಬೇಕು. ಮೂಗಿನ ಕೆಲಸ ನಾವು ನೋಡ್ಕೋತೀವಿ, ಮಿಕ್ಕಿದ್ದು ನೀವೇ ನೋಡ್ಕೊಳ್ಳಿ" ಎಂದಳು. ನಿನ್ನಮ್ಮ ಯಾರದೋ ಮನೆಯ ಗಾಜಿನ ಪಾತ್ರೆ ಹಿಡಿದವಳ ಹಾಗೆ ಮಗುವನ್ನು ಹಿಡಿದು ಕೂತಳು. ಅದು ಅವಳ ಬಳೆ ಜಗ್ಗಿದ ಮೇಲೆಯೇ ಭುಜ ಸಡಿಲವಾದದ್ದು.

ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಗ್ಯಾಸ್ ಸೋರಿದರೆ ಕಿರುಚುವ ಯಂತ್ರವೊಂದನ್ನು ನಿನ್ನ ಅಣ್ಣ ಅಡುಗೆಮನೆಗೆ ಹಾಕಿಸಿದ. ಮೂಗಿನ ಡಾಕ್ಟರ ಹತ್ತಿರವೂ ಹೋಗಿಬಂದೆವು. ವಾಸನೆ ಮರಳಿದರೂ ಮರಳಬಹುದು, ಭರವಸೆ ಕೊಡಲಾರೆ ಎಂದರು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೀನೂ ಹೊಟ್ಟೆಯಲ್ಲಿರುವ ಕೂಸೂ ನೂರು ಕಾಲ ಸುಖವಾಗಿರಿ.

ನಿನ್ನ
ಅಪ್ಪ

ತಾ.ಕ.: ನೀನೂ ಆ ಎಣ್ಣೆ ಬಳಸುತ್ತಿದ್ದರೆ, ನಿನ್ನ ಡಾಕ್ಟರನ್ನು ಕೇಳುವವರೆಗೆ ನಿಲ್ಲಿಸು. ಇನ್ನೊಂದು ವಿಷಯ, ಅದಕ್ಕೇ ಕೂತು ಬರೆದದ್ದು. ನಿನ್ನ ಹೆರಿಗೆಗೆ ಬರುವುದಿಲ್ಲ ಎನ್ನುತ್ತಿದ್ದಾಳೆ ನಿನ್ನಮ್ಮ. ಮಂಡಿನೋವು ಎಂದು ನಿನಗೆ ಹೇಳುತ್ತಾಳಂತೆ, ನಂಬಬೇಡ. ನಡೆದದ್ದಕ್ಕೆ ಹೆದರಿದ್ದಾಳೆ, ತುಂಬಿಟ್ಟಿದ್ದ ಪೆಟ್ಟಿಗೆಯನ್ನೂ ಖಾಲಿ ಮಾಡಿದ್ದಾಳೆ. ನನ್ನ ಮಾತು ಕೇಳುವವಳಲ್ಲ. ಎಣ್ಣೆಯ ಸುದ್ದಿ ಎತ್ತದೆ ನೀನೇ ಒಂದು ಫೋನ್ ಮಾಡಿ, "ನೀನಿಲ್ದೆ ನಂಗಾಗಲ್ಲಮ್ಮ" ಅನ್ನು.