ಶ್ರಾವಣದಲ್ಲಿ ಹೊತ್ತ ಹರಕೆ

೧೫ ಸೆಪ್ಟೆಂಬರ್ ೧೯೯೧, ರವಿವಾರ

ಚವತಿ ಮುಗಿಯಿತು, ಮೀನು ಬಂತು. ಗಂಗಿಯ ಮೀನುಬುಟ್ಟಿ ಮೊದಲು ಇಳಿದದ್ದು ನಮ್ಮ ಜಗಲಿಯಲ್ಲೇ. ಅತ್ತೆ ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ ಹಾಕಿ ಬಂಗಡೆ ಸಾರು ಮಾಡಿದರು. ತಲೆಗಳೆಲ್ಲ ಅವರಿಗೆ — ಈ ಮನೆಯ ಕಾನೂನು ಅದು. ನನಗೆ ಸೌತೆಕಾಯಿ ಹುಳಿ.

ಹೆರಿಗೆಯಾಗುವವರೆಗೆ ಮೀನು, ಮೊಟ್ಟೆ ಮುಟ್ಟುವುದಿಲ್ಲ ಎಂದು ವೆಂಕಟರಮಣನಿಗೆ ಹರಕೆ ಹೊತ್ತವಳು ನಾನೇ. ಯಾರೂ ಹೇಳಿರಲಿಲ್ಲ. ಹೋದ ವರ್ಷದ ಬಸಿರು ನಿಲ್ಲಲಿಲ್ಲವಲ್ಲ, ಹೆದರಿದ್ದೆ. ಆಗ ಶ್ರಾವಣ ಬೇರೆ. ಊರಿಗೆ ಊರೇ ಮೀನು ಬಿಟ್ಟು ಕೂತಿತ್ತು. ಬಿಡುವುದು ಇಷ್ಟು ಸುಲಭವೇ ಅಂದುಕೊಂಡೆ... ದಡ್ಡಿ.

೧೯, ಗುರುವಾರ

ಅಂಕೋಲೆಗೆ ತಪಾಸಣೆಗೆ ಹೋಗಿದ್ದೆ. ಅತ್ತೆಯೂ ಜೊತೆಗೆ.

"ತೂಕ ಏರಲಿಲ್ಲ ಭಾರತಿ," ಎಂದರು ನರ್ಸ್‌ಬಾಯಿ. "ಪ್ರೊಟೀನ್ ಸಾಲೂದಿಲ್ಲ."

"ಅದು ಪೈಲ್ವಾನರಿಗೆ ಅಲ್ವಾ ಬಾಯೋರೆ?" ಅತ್ತೆ ಕೇಳಿದರು. "ಇವ್ಳು ಹೊಲಿಗೆ ಮಷಿನ್ ತುಳಿಯೂದು ಬಿಟ್ರೆ ಎಂತಾ ಕಸರತ್ತೂ ಮಾಡೂದಿಲ್ಲ."

"ಒಳಗೊಂದು ಪೈಲ್ವಾನ ಬೆಳೀತದಲ್ಲ, ಅದಕ್ಕೆ."

ಹರಕೆಯ ವಿಷಯ ಹೇಳಿದೆ. ಹಾಗಾದರೆ ಕಾಳು, ಬೇಳೆ, ಹಾಲು ಎಂದರು.

೨೬, ಗುರುವಾರ

ಹುರುಳಿ, ಹೆಸರು, ಅಲಸಂದೆ. ಹೊಟ್ಟೆ ಡೋಲು. ಹಾಲು ಕುಡಿದರೆ ವಾಂತಿ. ಬೈತಖೋಲ ಬಂದರಿನಲ್ಲಿ ಲೋಡಿಂಗ್‌ಗೆ ಹೋಗುವ ನನ್ನ ಗಂಡ ಮೊನ್ನೆ ಬರುವಾಗ ಕಾರವಾರದಿಂದ ಶೇಂಗಾ ತಂದಿದ್ದರು. ಅರ್ಧ ಅತ್ತೆಯೇ ಮುಗಿಸಿದ್ದಾರೆ. ಕೇಳಿದರೆ, "ಹುಳ ಆಗಿದ್ಯಾ ನೋಡ್ದೆ."

೨೪ ಅಕ್ಟೋಬರ್, ಗುರುವಾರ

ಬರೆಯಲು ಮನಸ್ಸೇ ಇರಲಿಲ್ಲ. ತಿಂದದ್ದು ನಿಲ್ಲುತ್ತಿಲ್ಲ. ಇವತ್ತೂ ತೂಕದ ಮುಳ್ಳು ಅಲ್ಲೇ. "ಹಿಂಗೇ ಆದ್ರೆ ಕೂಸು ಸಣ್ಣ ಆಗ್ತದೆ," ಎಂದರು ನರ್ಸ್‌ಬಾಯಿ. ಈ ಸಲ ನಗಲಿಲ್ಲ.

ಭಯ. ಹರಕೆ ಮುರಿದರೆ ಕೂಸಿಗೆ ಏನಾಗುವುದೋ, ಮುರಿಯದಿದ್ದರೆ ಏನಾಗುವುದೋ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಒಳಗೆ ಏನೋ ಬೇಯುತ್ತಿದೆ.

೨೬, ಶನಿವಾರ

ಅತ್ತೆ ಬೆಳಿಗ್ಗೆಯೇ ಮಿಂದು ಕಾಯಿ ಹಿಡಿದು ದೇವಸ್ಥಾನಕ್ಕೆ ಹೋದರು. ಬಂದು ಪ್ರಸಾದ ಕೈಗಿಟ್ಟರು.

"ಭಟ್ರ ಹತ್ರ ಕೇಳ್ದೆ. ಮನೆಯವ್ರು ಯಾರಾದ್ರೂ ಹೊತ್ರೂ ನಡೀತದೆ ಅಂದ್ರು. ನಿನ್ನ ಹರಕೆ ಇವತ್ತಿಂದ ನಂದು."

"ಅತ್ತೆ, ಮೀನಿಲ್ದೆ ನಿಮ್ಗೆ..."

"ಹೊಟ್ಟೆ ನಿಂದು, ಹರಕೆ ನಂದು. ಸುಮ್ನಿರು ತಂಗಿ."

ಮೀನಿಲ್ಲದ ದಿನ ಅನ್ನಕ್ಕೆ ಗಂಟಲಿನ ದಾರಿ ಗೊತ್ತಾಗುವುದಿಲ್ಲ ಎನ್ನುವವರು ಇವರೇ.

೨೭, ರವಿವಾರ, ಮಧ್ಯಾಹ್ನ

ಗಂಗಿ ಬಂದಳು. ಅತ್ತೆಯೇ ಕಿವಿರು ಎತ್ತಿ ನೋಡಿ ಬಂಗಡೆ ಆರಿಸಿದರು. ಸಾರೂ ಅವರದೇ — ಆದರೆ ಉಪ್ಪು ನೋಡುವ ಹಾಗಿಲ್ಲ. ಅಂದಾಜು. ನನಗೆ ಬಡಿಸಿ, ತಮ್ಮ ಸೌತೆ ಹುಳಿಯ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತರು.

ಉಪ್ಪು ಜಾಸ್ತಿಯಾಗಿತ್ತು. ಆದರೂ ಎಂಥ ರುಚಿ. ತುಂಡು ಮುಗಿಸಿ ತಲೆಯನ್ನು ಬಟ್ಟಲಿನ ಅಂಚಿಗೆ ಸರಿಸಿದೆ, ಅಭ್ಯಾಸ.

"ತಲೆ ಯಾರಿಗೆ ಇಟ್ಟೆ?" ಅತ್ತೆ ತಿರುಗಿಯೂ ನೋಡಿರಲಿಲ್ಲ. "ಅದೂ ತಿನ್ನು. ರಸ ಎಲ್ಲಾ ಅಲ್ಲೇ ಇರೂದು."

ತಿಂದೆ. ಅಳು ಬಂತು. ನನ್ನ ತಾಯಿಯೂ ಎಂದೂ ನನಗೆ ತಲೆ ಕೊಟ್ಟವಳಲ್ಲ.

ಈಗ ಅತ್ತೆ ಹೊರಗಿನಿಂದ ಕೇಳುತ್ತಿದ್ದಾರೆ — "ಉಪ್ಪು ಸರಿ ಇತ್ತಾ?"

ಸರಿಯಾಗಿತ್ತು ಎಂದು ಹೇಳಿ ಬಂದು ಮುಂದೆ ಬರೆಯುತ್ತೇನೆ.