ಲಕ್ಷ್ಮಿ ಎಂದರೆ ಓಗೊಡುವುದಿಲ್ಲ

ಯವ್ವಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇವತ್ತಿನ ಸುದ್ದಿಯನ್ನು ನಿನಗೇ ಹೇಳಬೇಕು. ರಾಯಚೂರಿನ ಒಂದು ಮನೆಗೆ ಅಡುಗೆ ಕೆಲಸ ಕೇಳಲು ಹೋಗಿದ್ದೆ.

"ಯಶೋದಾ ನಮ್ಮ ಅತ್ತಿ ಹೆಸರು. ನಿನ್ನ ಲಕ್ಷ್ಮಿ ಅಂತ ಕರೀತೀನಿ," ಎಂದರು ಮನೆಯೊಡತಿ.

"ಹೆಸರು ಬಿಟ್ಟು ಕೆಲಸ ಮಾಡಂಗಿಲ್ರಿ. ನಾ ಬೇಕಂದ್ರ ಯಶೋದಾ ಅಂತನ ಕರೀರಿ," ಎಂದು ಚಪ್ಪಲಿ ಮೆಟ್ಟಿ ಹೊರಟೆ.

ಅವರು ಗೇಟಿನವರೆಗೂ ಬಂದು, "ಯಶೋದಾ, ನಾಳಿಂದ ಬಾ," ಎಂದರು.

ನೀನು ಕೆಲಸಕ್ಕಿದ್ದ ದೇವದುರ್ಗದ ವಕೀಲರ ಮನೆಯಲ್ಲಿ, ಬಂಡೆಮ್ಮ ಎಂಬ ನಿನ್ನ ಹೆಸರು ಹಳ್ಳಿಯದೆಂದು ನಿನ್ನನ್ನು ಇಪ್ಪತ್ತು ವರ್ಷ ರಾಧಾ ಎಂದು ಕರೆದರು. ನೀನು ಓಗೊಟ್ಟೆ. ಅದಕ್ಕೆ ನಿನ್ನ ಮೇಲೆ ಸಿಟ್ಟಾಗುತ್ತಿದ್ದೆ.

ಆದರೆ ಹೈಸ್ಕೂಲಿನ ಅರ್ಜಿಯಲ್ಲಿ ತಾಯಿಯ ಹೆಸರು ರಾಧಾ ಎಂದು ಬರೆದವಳು ನಾನೇ ಯವ್ವಾ. ಓದು ಬಾರದ ನೀನು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದೆ.