ಸಾವಕಾರರ ಖರ್ಚಿನಲ್ಲಿ ಹುಳ

ಮಾರ್ಚ್ ೬, ೧೯೬೧. ಸೋಮವಾರ

ಎಂಟನೆಯ ಇಯತ್ತೆಯ ಪೇಪರು ತಿದ್ದುವುದು ಅರ್ಧ ಮುಗಿಯಿತು. 'ಸೂಕ್ಷ್ಮಜೀವಿ ಎಂದರೇನು?' ಎಂಬುದಕ್ಕೆ ಒಬ್ಬ 'ಸೂಕ್ಷ್ಮ ಸ್ವಭಾವದ ಮನುಷ್ಯ' ಎಂದು ಬರೆದಿದ್ದಾನೆ. ಅರ್ಧ ಮಾರ್ಕು ಕೊಟ್ಟೆ.

ಹೆಡ್‌ಮಾಸ್ತರ್ ನಾಗಲಿಂಗಪ್ಪನವರು ಕರೆಸಿದರು. ಊರೂರಿಗೆ ಮೈಕ್ರೋಸ್ಕೋಪು ಒಯ್ದು ಜನಕ್ಕೆ ನೀರಿನೊಳಗಿನ ಜೀವಿ ತೋರಿಸಬೇಕು ಎಂದು ಹೋದ ವರ್ಷ ಅರ್ಜಿ ಬರೆದಿದ್ದೆ. ಈಗ ಮೇಲಿನಿಂದ ಉತ್ತರ — ಇಂಥ ಪ್ರಚಾರಕ್ಕೆ ಅನುದಾನವಿಲ್ಲ. ಮೋರೆ ಸಣ್ಣದು ಮಾಡಿಕೊಂಡು ಏಳುವಷ್ಟರಲ್ಲಿ ಅವರೇ ನಕ್ಕರು.

"ನಿಮ್ಮ ದೈವ ತೆರೀತ್ರಿ ಅಡಿವೆಯ್ಯ. ಈಶಪ್ಪ ಸಾವಕಾರ್ರು ಪೂರಾ ಖರ್ಚು ಕೊಡ್ತಾರಂತ."

ಈಶಪ್ಪ! ಭತ್ತದ ವ್ಯಾಪಾರಿ. ಬಾಗಿಲಿಗೆ ಬಂದವರಿಗೆ ಮಜ್ಜಿಗೆ ಕೊಡುವ ಮೊದಲು ನೀರು ಬೆರೆಸುವವ. ಅವನಿಗೆ ವಿಜ್ಞಾನದ ಮೇಲೆ ಪ್ರೀತಿ ಯಾವಾಗ ಬಂತು?

ಮಾರ್ಚ್ ೮

ಸಾವಕಾರರ ಗಾದಿಯ ಮುಂದೆ ಕೂತು ಬಂದೆ. ಚಹಾ ಕೊಟ್ಟರು. ಸಂಶಯ ಇನ್ನೂ ಹೆಚ್ಚಾಯಿತು.

"ಮೊದಲ ಪ್ರಯೋಗ ಕೆಳಗಿನ ಓಣಿ ಬಾವಿ ಹತ್ರ ಆಗಬೇಕ್ರಿ ಮಾಸ್ತರ. ಹುಳ ಮಿಸುಕೂದು ಮಂದಿಗೆ ಕಾಣಬೇಕು. ಕಂಡ್ರ ಅಂಜತಾರ."

"ಅಂಜಸೂದಕ್ಕಲ್ರಿ, ತಿಳಿಸೂದಕ್ಕ."

"ಎರಡೂ ಒಂದ ತಗೋರಿ."

ಬರುವಾಗ ಕೆಳಗಿನ ಓಣಿಯ ದಾರಿ ಹಿಡಿದೆ. ಬಾವಿಯ ಬೆನ್ನಿಗೇ ಸಾವಕಾರರ ಗೋದಾಮು. ಬಾವಿ ಇಲ್ಲದಿದ್ದರೆ ಲಾರಿ ನೇರ ಬಾಗಿಲ ತನಕ ಹೋಗುತ್ತದೆ. ಹೂಂ.

ಮಾರ್ಚ್ ೧೬

ಧಾರವಾಡದ ಅಂಗಡಿಯಿಂದ ಬಾಡಿಗೆಯ ಮೈಕ್ರೋಸ್ಕೋಪು ಬಂತು. ಅಂಗಳದಲ್ಲಿಟ್ಟು ಕೆಳಗಿನ ಓಣಿಯ ನೀರು ನೋಡಿದೆ. ಚಪ್ಪಲಿಯಾಕಾರದವು ಸರಸರ ಓಡುತ್ತಿವೆ. ಎಷ್ಟು ಚೆಂದ! ಹೆಂಡತಿ ನೀಲಕ್ಕನನ್ನು ಕರೆದು ತೋರಿಸಿದೆ.

"ಅಯ್ಯಯ್ಯ, ಇವು ಹೊಟ್ಟಿಗೆ ಹೋದ್ರ ಸಾಯ್ತಾರನ್ರಿ?"

ಇಲ್ಲ ಎಂದೆ. ಇವು ಪಾಪ, ಏನೂ ಮಾಡದವು. ವಿಷಮಜ್ವರ, ಕಾಲರಾ ತರುವಂಥವು ಇವುಗಳಿಗಿಂತ ಬಹಳ ಸಣ್ಣವು. ಬಾವಿ ನೀರಿನ ಒಂದು ಹನಿಯಲ್ಲಿ, ಈ ಯಂತ್ರದಲ್ಲಿ, ಅವನ್ನು ಹಿಡಿದು ತೋರಿಸಲು ಆಗುವುದಿಲ್ಲ.

ನೀಲಕ್ಕ ಸೆರಗು ಸಿಕ್ಕಿಸಿಕೊಂಡಳು. "ಹಂಗಾದ್ರ ಕಳ್ಳನ್ನ ಬಿಟ್ಟು ದಾರಿಹೋಕನ್ನ ಕಂಬಕ್ಕ ಕಟ್ಟಿ ತೋರಸ್ತೀರಿ ಅನ್ರಿ."

ಪ್ರಯೋಗದ ಕೊನೆಗೆ ಎಲ್ಲ ಬಿಡಿಸಿ ಹೇಳಿದರಾಯಿತು ಎಂದುಕೊಂಡೆ.

ಮಾರ್ಚ್ ೧೯. ರವಿವಾರ

ಬಾವಿಯ ಪಕ್ಕ ಶಾಲೆಯ ಟೇಬಲ್ಲು. ಬಿಸಿಲು ಕನ್ನಡಿಗೆ ಚೆನ್ನಾಗಿ ಬಿತ್ತು. ಓಣಿಗೆ ಓಣಿಯೇ ಸಾಲು ನಿಂತಿತ್ತು. ಕೌದಿ ಹೊಲಿಯುವ ರಹೀಮುನ್ನಿಸಾ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು.

"ಇವು ನಮ್ಮ ಬಾವ್ಯಾಗಿನವು ಏನ್ರಿ?"

ಹೌದು ಎಂದೆ. ಮುಂದಿನದನ್ನು ಹೇಳಲು ಬಾಯಿ ತೆರೆಯುವುದರೊಳಗೆ ಸಾವಕಾರರು ಖುರ್ಚಿಯಿಂದ ಎದ್ದರು.

"ನೋಡಿದ್ರಿಲ್ಲ? ಇವೇ ನಿಮ್ಮ ಮಕ್ಕಳನ್ನ ತಿನ್ನೂವು. ಈ ಬಾವಿ ಮುಚ್ಚಬೇಕು."

ಎಲ್ಲರೂ ನನ್ನ ಮುಖ ನೋಡಿದರು. ಯಂತ್ರ ಅವರ ಖರ್ಚಿನದು, ಖುರ್ಚಿ ಅವರದು, ಹಂಚಿದ ಚುರಮರಿಯೂ ಅವರದು. ನನ್ನ ಬಾಯಿ ಕಟ್ಟಿತು.

ಮಾರ್ಚ್ ೨೧

ಸಾವಕಾರರ ಆಳುಗಳು ಬಾವಿಗೆ ಜಾಲಿ ಮುಳ್ಳು ಹಾಕಿದ್ದಾರೆ. ಯಾರೂ ತಡೆಯಲಿಲ್ಲವಂತೆ. ಅಂಜಿದ್ದಾರೆ.

ಮಾರ್ಚ್ ೨೭

ಓಣಿಯವರು ಈಗ ಕೆರೆಯ ನೀರು ಕುಡಿಯುತ್ತಿದ್ದಾರೆ. ಎಮ್ಮೆ ಈಜುವ ಕೆರೆ!

ಶಾಲೆ ಬಿಟ್ಟ ಮೇಲೆ ರಹೀಮುನ್ನಿಸಾ ಗೇಟಿನಲ್ಲಿ ನಿಂತಿದ್ದಳು.

"ಮಾಸ್ತರಸಾಬ್, ಖರೇ ಹೇಳ್ರಿ. ಸಾವಕಾರ ನಿಮಗ ಎಷ್ಟು ಕೊಟ್ಟಾನ?"

ಮೈಯೆಲ್ಲ ಉರಿಯಿತು. "ಒಂದು ಪೈಸೆ ಮುಟ್ಟಿಲ್ಲವ್ವಾ."

"ಮತ್ತ ಅವತ್ತ ಯಾಕ ಸುಮ್ನ ನಿಂತ್ರಿ? ನಿಮ್ಮ ಮಾರಿ ನೋಡ್ದೆ ನಾ. ಏನೋ ಒಳಗ ನುಂಗಿದ್ರಿ." ಒಂದು ಹೆಜ್ಜೆ ಮುಂದೆ ಬಂದು, "ಸಾವಕಾರನ ಬಾವಿ ನೀರೂ ಹಂಗ ನೋಡೂಣು ನಡೀರಿ" ಎಂದಳು.

ಇಡೀ ಊರನ್ನೇ ಸಂಶಯದಿಂದ ನೋಡುವವ ನಾನು. ನನ್ನನ್ನು ಒಬ್ಬರು ಹಾಗೆ ನೋಡಿದ್ದು ಇವತ್ತೇ ಮೊದಲು.

ಏಪ್ರಿಲ್ ೯. ರವಿವಾರ

ಪೇಟೆಯಲ್ಲಿ ಎರಡನೆಯ ಪ್ರಯೋಗ. ಸಾವಕಾರರು ಮುಂದಿನ ಸಾಲಿನಲ್ಲಿ, ಹೆಗಲಿಗೆ ಜರಿ ಶಲ್ಯ.

ಟೇಬಲ್ಲಿನ ಮೇಲೆ ಗ್ಲಾಸು ಸಾಲಾಗಿಟ್ಟೆ. ಶಾಲೆಯ ಬಾವಿ, ನಮ್ಮ ಮನೆಯ ಬಾವಿ, ಮುಳ್ಳು ಸರಿಸಿ ಸೇದಿದ ಕೆಳಗಿನ ಓಣಿಯದು. ಕೊನೆಯದು ಸಾವಕಾರರ ಹಿತ್ತಲಿನದು — ಅವರ ಮನೆಯ ಆಳು ಈರಕ್ಕ ತುಂಬಿಕೊಟ್ಟದ್ದು. ಎಲ್ಲದರಲ್ಲೂ ಮಿಸುಕುತ್ತಿದ್ದವು. ಸಾವಕಾರರದರಲ್ಲಿ ತುಸು ಹೆಚ್ಚೇ.

ಆಮೇಲೆ ಹೇಳಿಬಿಟ್ಟೆ. ಇವು ಯಾರನ್ನೂ ತಿನ್ನುವುದಿಲ್ಲ. ಕೊಲ್ಲುವಂಥವು ಇದರಲ್ಲಿ ಕಾಣುವುದಿಲ್ಲ. ಕಾಣದಿದ್ದರೂ ಯಾವ ಬಾವಿಯಲ್ಲಾದರೂ ಇರಬಹುದು. ಬಾವಿ ಮುಚ್ಚುವುದು ಉಪಾಯವಲ್ಲ. ಬ್ಲೀಚಿಂಗ್ ಪೌಡರ್ ಹಾಕಬೇಕು, ನೀರು ಕುದಿಸಿ ಕುಡಿಯಬೇಕು, ಪಾಯಖಾನೆ ದೂರ ಇಡಬೇಕು.

ಯಾರೋ ಸಿಳ್ಳೆ ಹೊಡೆದರು. ಸಾವಕಾರರು ಎದ್ದು ಹೋದರು. ಸಂಜೆಯೊಳಗೆ ಓಣಿಯವರು ಮುಳ್ಳು ಕಿತ್ತೊಗೆದರು.

ಏಪ್ರಿಲ್ ೧೦

ಸಾವಕಾರರ ಖರ್ಚು ಬಂದ್. ಯಂತ್ರ ವಾಪಸು ಕಳಿಸಬೇಕು. ನಾಗಲಿಂಗಪ್ಪನವರು ನನ್ನನ್ನು ಕಂಡು ಬೇರೆ ದಾರಿ ಹಿಡಿದರು.

ಏಪ್ರಿಲ್ ೧೪

ಪೆಟ್ಟಿಗೆ ಕಟ್ಟುತ್ತಿದ್ದೆ. ಟಾಂಗಾ ಹೊಡೆಯುವ ಉಸ್ಮಾನಸಾಬ ಮತ್ತು ರಹೀಮುನ್ನಿಸಾ ಬಂದರು. ಯಂತ್ರದ ಬಾಡಿಗೆ ಓಣಿಯವರೇ ಕೂಡಿಸಿದ್ದಾರಂತೆ. ಟಾಂಗಾ ಪುಕ್ಕಟೆಯಂತೆ.

"ಸಾಂಬ್ರಾಣಿ ಊರಾಗ ನನ್ನ ತಂಗಿ ಇರ್ತಾಳ. ಅಲ್ಲಿ ಮಂದಿಗೂ ಹೇಳ್ರಿ," ಎಂದಳು.

ಪುಕ್ಕಟೆ ಯಾಕೆ? ಉಸ್ಮಾನಸಾಬನ ಮಗ ಈ ವರ್ಷ ನನ್ನ ವರ್ಗಕ್ಕೇ ಬರುತ್ತಾನೆ. ಮಾರ್ಕಿನ ಆಸೆಯೋ? ನೀಲಕ್ಕನ ಮುಂದೆ ಅಂದೆ. ಅವಳು ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

"ನೀರ್ ಸಲುವಾಗಿ ಕೊಟ್ಟಾರ. ಬಾವಿಗೆ ಮುಳ್ಳು ಬಿದ್ದವರಿಗೆ ಗೊತ್ತರಿ ನೀರಿನ ಬೆಲೆ. ಹೋಗ್ರಿ ಸುಮ್ನ."

ಜೂನ್ ೧೧

ಎಷ್ಟೋ ದಿನ ಬರೆದಿಲ್ಲ. ಸಾಂಬ್ರಾಣಿಯಲ್ಲಿ ಪ್ರಯೋಗ, ಆಮೇಲೆ ದಾಂಡೇಲಿಯ ಮಿಲ್ಲಿನವರ ಚಾಳಿನಲ್ಲಿ, ಸಾಲು ಮನೆಗಳ ನಡುವೆ. ಓಣಿಯವರು ಎರಡನೆಯ ಸಲವೂ ಬಾಡಿಗೆ ಕಟ್ಟಿದರು.

ಇವತ್ತು ಮಧ್ಯಾಹ್ನ, ಮಳೆಯಲ್ಲಿ, ಈಶಪ್ಪ ಸಾವಕಾರರು ಬಂದರು. ಒಬ್ಬರೇ. ಕೈಯಲ್ಲಿ ಹಿತ್ತಾಳೆ ಚೊಂಬು.

ಹೊಸ ಮಸಲತ್ತು ಎಂದುಕೊಂಡೆ. ತಮ್ಮ ನೀರು ಚೊಕ್ಕ ಎಂದು ನನ್ನ ಬಾಯಿಂದ ಹೇಳಿಸಲು ಬಂದಿರಬೇಕು. ಬಾಗಿಲಲ್ಲೇ ನಿಲ್ಲಿಸಿದೆ.

"ಮೊಮ್ಮಗಳು ಮಾಲವ್ವಗ ಜ್ವರ ಬಂದು ವಾರ ದಾಟ್ತು. ಇಳೀವಲ್ದು. ಇದರಾಗ ಐತೇನು ನೋಡ್ರಿ ಮಾಸ್ತರ."

"ಈ ಯಂತ್ರದಾಗ ಕಾಣೂದಿಲ್ರಿ. ಅವತ್ತ ಹೇಳಿದ್ನೆಲ್ಲ?"

ಸಾವಕಾರರು ಚೊಂಬು ಕೆಳಗಿಟ್ಟು ಹೊಸ್ತಿಲ ಮೇಲೇ ಕೂತುಬಿಟ್ಟರು.

"ಕಾಣೂದಿಲ್ಲಂದ್ರ... ಅವತ್ತ ಸಿಟ್ಟಿನಾಗ ಕೇಳಲಿಲ್ರಿ ನಾ. ಮತ್ತ ನಾ ರೊಕ್ಕ ಕೊಟ್ಟು ತೋರಿಸಿದ್ದು ಏನು? ಹುಳ ಕಂಡ್ರ ರೋಗ, ಕಾಣದಿದ್ರ ಇಲ್ಲ ಅಂತ ತಿಳದಿದ್ನೆಲ್ಲ ನಾ! ಕೂಸಿಗೆ ದಿನಾ ನೀರು ಸೋಸಿ, ಬಿಸಿಲಿಗೆ ಹಿಡದು ನೋಡಿ, ಹುಳ ಇಲ್ಲಂತ ಕುಡಿಸೇನಿ."

ಜನರನ್ನು ಅಂಜಿಸಲು ಹೇಳಿದ ಸುಳ್ಳನ್ನು ತಾವೇ ನಂಬಿದ್ದರು. ನಾನು ಬಾಯಿ ಕಟ್ಟಿ ನಿಂತ ಆ ದಿನ, ಅದನ್ನು ನಂಬಿದವರಲ್ಲಿ ಇವರೂ ಒಬ್ಬರು.

ಉಸ್ಮಾನಸಾಬನ ಟಾಂಗಾ ತರಿಸಿದೆ. ಕೂಸನ್ನು ಕೌದಿಯಲ್ಲಿ ಸುತ್ತಿ ಬಸ್‌ಸ್ಟ್ಯಾಂಡಿಗೆ. ಅಲ್ಲಿಂದ ಹುಬ್ಬಳ್ಳಿ ದವಾಖಾನೆಗೆ. ನಾನೂ ಹೋದೆ. ದವಾಖಾನೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಜೂನ್ ೧೪

ವಿಷಮಜ್ವರವೇ. ಔಷಧ ಶುರು. ಶಾಲೆಗೆ ರಜೆ ಹಾಕಿದ್ದೆ, ವಾಪಸು ಬಂದೆ. ರಹೀಮುನ್ನಿಸಾ ಇವತ್ತೇ ಎರಡು ಸಲ ಬಂದು ಕೇಳಿದಳು, "ಕೂಸು ಹೆಂಗೈತ್ರಿ?"

ಜುಲೈ ೨

ಮಾಲವ್ವ ಮನೆಗೆ ಬಂದಳು. ಕಡ್ಡಿಯಾಗಿದ್ದಾಳೆ, ತಲೆಗೂದಲು ಉದುರಿದೆ. ಆದರೆ ಗಂಜಿ ಬೇಡ, ರೊಟ್ಟಿ ಬೇಕು ಎಂದು ಅಜ್ಜನೊಡನೆ ಜಗಳ ತೆಗೆದಳಂತೆ. ಕೇಳಿ ನೀಲಕ್ಕ ಅತ್ತಳು.

ಜುಲೈ ೯. ರವಿವಾರ, ಬೆಳಿಗ್ಗೆ

ಜೋಯಿಡಾ ಕಡೆ ಪ್ರಯೋಗ ಇವತ್ತು. ಟಾಂಗಾ ಬಂದಿದೆ, ಬಸ್‌ಸ್ಟ್ಯಾಂಡಿನ ತನಕ. ಕಿಟಕಿಯಿಂದ ನೋಡಿದೆ. ರಹೀಮುನ್ನಿಸಾಳ ಎದುರಿನ ಸೀಟಿನಲ್ಲಿ ಈಶಪ್ಪ ಸಾವಕಾರರು, ತೊಡೆಯ ಮೇಲೆ ಯಂತ್ರದ ಪೆಟ್ಟಿಗೆ.

ಹೊರಗೆ ಹೋಗಿ ಕೇಳಿದೆ. "ನೀವ್ಯಾಕ ಬಂದ್ರಿ?"

"ನೀರು ಕುದಸೂದು ಯಾಕ ಅಂತ ನಾ ಹೇಳ್ತೇನ್ರಿ. ನಿಮ್ಮ ಮಾತು ಒಣಾ ಆಗ್ತೈತಿ."

ರಹೀಮುನ್ನಿಸಾ ಮುಖ ತಿರುಗಿಸಿ ಕೂತಿದ್ದಾಳೆ. ಇಳಿ ಎಂದೇನೂ ಅಂದಿಲ್ಲ. ಛತ್ರಿ ಹುಡುಕಲು ಒಳಗೆ ಬಂದು ಇಷ್ಟು ಗೀಚುತ್ತಿದ್ದೇನೆ. ಖರೆಯೇ ಇರಬಹುದು... ಜೋಯಿಡಾದಲ್ಲಿ ಎಲ್ಲಾದರೂ ಗೋದಾಮಿಗೆ ಜಾಗ ನೋಡಿರಬಹುದೇ? ಛೆ. ಆದರೂ ಒಂದು ಕಣ್ಣು ಇಟ್ಟಿರಬೇ— ಉಸ್ಮಾನಸಾಬ ಕೂಗುತ್ತಿದ್ದಾನೆ, ಬಸ್ಸು